ದರ್ಜಿಯ ಮಗಳು ಓಡಿದ ಸುದ್ದಿ

ನನ್ನ ಕಾಲುಗಳು ಉದ್ದ. ಬೇರೆಯವರಿಗೆ ಇದು ಹೊಗಳಿಕೆಯ ಮಾತಾಗಿ ಕೇಳಬಹುದು. ನನಗೆ ನಾಚಿಕೆ ಎಂಬುದು ಮೊದಲು ಗೊತ್ತಾದದ್ದೇ ಇವುಗಳಿಂದ. ಐದನೇ ಕ್ಲಾಸಿನಲ್ಲಿ ಅವ್ವನ ಹೆಗಲಿಗೆ ಬಂದೆ, ಎಂಟನೆಯದರಲ್ಲಿ ಅಪ್ಪನ ಸಮಕ್ಕೆ ನಿಂತೆ. ಅಪ್ಪ ಸುಳ್ಯದ ಪೇಟೆಯಲ್ಲಿ ದರ್ಜಿ. ನಮ್ಮವರೆಲ್ಲ ಬೇಸಾಯ ಮಾಡಿಕೊಂಡಿದ್ದವರು; ಅಪ್ಪನೊಬ್ಬ ಯಾಕೋ ಹೊಲಿಗೆ ಕಲಿತು, ಒಬ್ಬರು ಬ್ಯಾರಿ ಮುಸಲ್ಮಾನ ಸಾಹುಕಾರರ ಜವಳಿ ಅಂಗಡಿಯ ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡಿದ್ದ. ವರ್ಷ ವರ್ಷವೂ ಗಿಡ್ಡವಾಗುತ್ತಿದ್ದ ನನ್ನ ಲಂಗಕ್ಕೆ ಕೆಳಗಡೆ ಬೇರೆ ಬಟ್ಟೆಯ ಪಟ್ಟಿ ಕೊಟ್ಟು ಉದ್ದ ಮಾಡುತ್ತಿದ್ದ. ಹಸಿರು ಲಂಗಕ್ಕೆ ನೀಲಿ ಪಟ್ಟಿ, ಅದರ ಕೆಳಗೆ ಹೂವಿನ ಪಟ್ಟಿ. ಶಾಲೆಯ ಹುಡುಗಿಯರು ಆ ಪಟ್ಟಿಗಳ ಮೇಲೆ ಬೆರಳಿಟ್ಟು, ನಾನು ಯಾವ ವರ್ಷ ಎಷ್ಟು ಬೆಳೆದೆ ಎಂದು ಲೆಕ್ಕ ಹೇಳುತ್ತಿದ್ದರು. ನಾನು ಬೆನ್ನು ಬಗ್ಗಿಸಿಕೊಂಡು ನಡೆಯಲು ಕಲಿತದ್ದು ಆಗಲೇ.

ನಾವು ಮನೆಯಲ್ಲಿ ಆಡುವುದು ಅರೆಭಾಷೆ, ಕನ್ನಡದ್ದೇ ಒಂದು ಬಗೆ. ಪೇಟೆಯಲ್ಲಿ ತುಳು. ಇಲ್ಲಿ ಅಪ್ಪ ಅವ್ವ ಆಡಿದ್ದನ್ನೆಲ್ಲ ಎಲ್ಲರಿಗೂ ತಿಳಿಯುವ ಕನ್ನಡಕ್ಕೆ ತಂದುಕೊಂಡು ಹೇಳುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತಾ ಬಂದಾಗ ನಾನು ಪುತ್ತೂರಿನ ಕಾಲೇಜಿಗೆ ಸೇರಿದೆ. ಕಾಲೇಜು ಹೊಸತು. ಹುಡುಗಿಯರು ಬೆರಳೆಣಿಕೆಯಷ್ಟು. ಸಿಸ್ಟರುಗಳು ನಡೆಸುತ್ತಿದ್ದ ಒಂದು ಹಾಸ್ಟೆಲಿನಲ್ಲಿ ನಾನಿದ್ದೆ. ವಾರ್ಡನ್ ಸಿಸ್ಟರ್ ಗಿಡ್ಡನೆಯವರು, ಮಾತು ಕಡಿಮೆ, ಕೋಪ ಬಂದರೆ ಬಾಗಿಲಿನ ಚಿಲಕವನ್ನು ಎರಡು ಸಲ ಹಾಕಿ ತೆಗೆಯುವವರು. ಮೊದಲ ವರ್ಷದ ಕ್ರೀಡಾ ದಿನಕ್ಕೆ ಹುಡುಗಿಯರ ಪಾಲಿಗೆ ಇಟ್ಟದ್ದು ಎರಡೇ ಸ್ಪರ್ಧೆ, ಚಮಚದಲ್ಲಿ ಲಿಂಬೆಹಣ್ಣು ಇಟ್ಟುಕೊಂಡು ನಡೆಯುವುದು ಮತ್ತು ಸೂಜಿಗೆ ನೂಲು ಪೋಣಿಸುವುದು. ನೂಲಿನ ಸ್ಪರ್ಧೆ ಹೀಗೆ: ಈ ತುದಿಯಿಂದ ಓಡಿ ಆ ತುದಿಗೆ ಹೋಗಬೇಕು, ಅಲ್ಲಿ ಬೆಂಚಿನ ಮೇಲಿದ್ದ ಸೂಜಿಗೆ ನೂಲು ಹಾಕಬೇಕು, ಅದನ್ನು ಹಿಡಿದುಕೊಂಡು ವಾಪಸು ಓಡಿ ಬರಬೇಕು. ದರ್ಜಿಯ ಮಗಳಿಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ ಎಂದು ಹೆಸರು ಕೊಟ್ಟೆ.

ಆ ದಿನ ಅಷ್ಟು ಜನರ ಎದುರು ನೂಲು ಒಳಹೋಗಲೇ ಇಲ್ಲ. ಉಳಿದವರೆಲ್ಲ ಪೋಣಿಸಿ ಹೊರಟಾಗಿತ್ತು. ಕೊನೆಗೆ ಹೇಗೋ ಪೋಣಿಸಿ ಲಂಗ ಎತ್ತಿ ಹಿಡಿದು ಓಡಿದೆ. ಎಲ್ಲರನ್ನೂ ದಾಟಿ ಮೊದಲು ಬಂದೆ. ಹುಡುಗರು ಸಿಳ್ಳೆ ಹಾಕಿದರು. ಸೂಜಿಯನ್ನು ತೀರ್ಪುಗಾರರ ಕೈಗಿಟ್ಟು ನಾನು ಹುಡುಗಿಯರ ಹಿಂದೆ ಹೋಗಿ ಅವಿತು ಕೂತೆ.

ವ್ಯಾಯಾಮದ ಮೇಷ್ಟರು, ನಾವೆಲ್ಲ ಡ್ರಿಲ್ ಮಾಸ್ಟ್ರು ಎನ್ನುತ್ತಿದ್ದೆವು, ಅಲ್ಲಿಗೇ ಹುಡುಕಿಕೊಂಡು ಬಂದರು. ಮಂಗಳೂರಿನ ಕಡೆಯವರು. ತಾವೂ ಹಿಂದೆ ಓಡುತ್ತಿದ್ದವರಂತೆ.

“ನಿನಗೆ ಸೂಜಿ ಯಾಕೆ ಮಾರಾಯ್ತಿ?” ಎಂದರು. “ಸೂಜಿ ಇಲ್ಲದೆ ಒಮ್ಮೆ ಓಡು, ನೋಡುವ.”

ಹೀಗೆ ಶುರುವಾಯಿತು. ಬೆಳಿಗ್ಗೆ ಕ್ಲಾಸಿಗೆ ಮೊದಲು ಕಾಲೇಜಿನ ಮೈದಾನದಲ್ಲಿ ಓಡಿಸುತ್ತಿದ್ದರು. ಗುಡ್ಡ ಕಡಿದು ಮಾಡಿದ ಮೈದಾನ, ಕೆಂಪು ಮಣ್ಣು, ಕಾಲಿಗೆ ಚುಚ್ಚುವ ಹರಳು. ನಾನು ಬರಿಗಾಲಿನಲ್ಲಿ, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತಿದ್ದೆ. ವಾರ್ಡನ್ ಸಿಸ್ಟರ್ ಕಾವಲಿಗೆಂದು ಒಂದು ಕಲ್ಲಿನ ಮೇಲೆ ಜಪಮಾಲೆ ಹಿಡಿದು ಕೂತಿರುತ್ತಿದ್ದರು. ಓಡುವಾಗ ನನಗೆ ಎಂಥ ಸಂತೋಷ ಆಗುತ್ತಿತ್ತು ಎಂದು ಈಗಲೂ ಬರೆಯಲು ಸಂಕೋಚ. ಅಷ್ಟು ಹೊತ್ತು ನನ್ನ ಕಾಲು ಉದ್ದವಾದದ್ದು ತಪ್ಪು ಅನಿಸುತ್ತಿರಲಿಲ್ಲ. ನಿಂತ ಕೂಡಲೇ ಎಲ್ಲ ವಾಪಸು ಬರುತ್ತಿತ್ತು. ಮೈಗೆ ಅಂಟಿದ ರವಕೆ, ಏದುಸಿರು, ಕಟ್ಟೆಯ ಮೇಲೆ ಪುಸ್ತಕ ಹಿಡಿದು ನಿಂತ ಹುಡುಗರು.

ದೊಡ್ಡ ತೊಂದರೆ ಬಂದದ್ದು ಓಟ ಶುರು ಮಾಡುವ ರೀತಿಯಲ್ಲಿ. ಮಂಡಿ ಊರಿ, ಎರಡೂ ಕೈ ನೆಲಕ್ಕೆ ಇಟ್ಟು, ‘ಸೆಟ್’ ಎಂದಾಗ ಸೊಂಟ ಮೇಲೆತ್ತಬೇಕು. ಪಿಸ್ತೂಲು ಸಿಡಿದ ಕೂಡಲೇ ಚಿಮ್ಮಬೇಕು. ಮಾಸ್ಟ್ರು ತಾವೇ ಮಾಡಿ ತೋರಿಸಿದರು. ನಾನು ಮಂಡಿ ಊರಿದೆ, ಕೈ ಇಟ್ಟೆ. ಸೊಂಟ ಎತ್ತಲು ಆಗಲಿಲ್ಲ. ಹಿಂದೆ ಯಾರೂ ಇಲ್ಲ ಎಂದು ಗೊತ್ತಿದ್ದರೂ ಆಗಲಿಲ್ಲ. ದಿನವೂ ಹೇಳಿ ಹೇಳಿ ಅವರಿಗೆ ಸಾಕಾಯಿತು. ನಿಂತೇ ಓಡು, ನಷ್ಟ ನಿನಗೇ ಎಂದು ಬಿಟ್ಟುಬಿಟ್ಟರು. ಬೇರೆ ಹುಡುಗಿಯರು ಬಗ್ಗಿ ಹೊರಟರೆ ನಾನು ಬಸ್ಸಿಗೆ ಕಾಯುವವಳ ಹಾಗೆ ನಿಂತು ಹೊರಡುತ್ತಿದ್ದೆ. ಮೊದಲ ಹತ್ತು ಹೆಜ್ಜೆ ಹಿಂದೆ, ಆಮೇಲೆ ಸಮ, ಆಮೇಲೆ ಮುಂದೆ. ಮಂಗಳೂರಿನಲ್ಲಿ ನಡೆದ ಜಿಲ್ಲೆಯ ಕೂಟದಲ್ಲಿ ಹೀಗೆಯೇ ಗೆದ್ದೆ.

ಎರಡನೇ ವರ್ಷ ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟ ಮೈಸೂರಿನಲ್ಲಿ ಎಂದಾಯಿತು. ಅಲ್ಲಿ ಲಂಗ ನಡೆಯುವುದಿಲ್ಲ, ಚಡ್ಡಿ ಹಾಕಲೇಬೇಕು ಎಂದು ಮಾಸ್ಟ್ರು ಹೇಳಿದರು. ಊರಿಗೆ ಹೋದಾಗ ನಾನು ಅದನ್ನು ಅವ್ವನ ಕಿವಿಯಲ್ಲಿ ಹೇಳಿದೆ. ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಹೆಂಗಸರ ಮೈಗೆ ಟೇಪು ಹಿಡಿಯುವವನಲ್ಲ. ಊರಿನ ಹೆಂಗಸರೆಲ್ಲ ಅಳತೆಗೆ ಹಳೆ ರವಕೆ ಕಳಿಸುತ್ತಿದ್ದರು. ಚಡ್ಡಿಗೆ ಅಳತೆ ಎಲ್ಲಿಂದ ತರುವುದು? ಊಟಕ್ಕೆ ಕೂತ ಅಪ್ಪ ಒಮ್ಮೆ ನನ್ನ ಕಡೆ ನೋಡಿ ತಟ್ಟೆಗೆ ಕಣ್ಣು ಇಳಿಸಿದ. ನಾನು ಎದ್ದು ಒಳಗೆ ಹೋದೆ. ಆಗುವುದಿಲ್ಲ ಎಂದು ಅರ್ಥವಾಗಿ, ಒಂದು ಬಗೆಯಲ್ಲಿ ನಿರಾಳವಾಗಿ ಪುತ್ತೂರಿಗೆ ವಾಪಸಾದೆ.

ಪುತ್ತೂರಿನಿಂದ ಮೈಸೂರಿಗೆ ಹೋಗುವ ಬಸ್ಸು ಸುಳ್ಯದ ಮೇಲೆಯೇ ಹೋಗಬೇಕು. ಚಡ್ಡಿಯ ವಿಷಯ ಅಲ್ಲಿಗೆ ಹೋಗಿ ನೋಡುವ ಎಂದು ಮಾಸ್ಟ್ರು ನನ್ನನ್ನು ಹೊರಡಿಸಿ, ಮನೆಗೂ ಕಾಗದ ಬರೆದಿದ್ದರು. ಮಾಸ್ಟ್ರು, ಸಿಸ್ಟರ್, ಐದಾರು ಹುಡುಗರು, ನಾನು. ಸುಳ್ಯ ಬಂದಾಗ ನಾನು ಸೆರಗು ತಲೆಗೆ ಎಳೆದುಕೊಂಡು ತಗ್ಗಿ ಕೂತೆ. ಬಸ್ಸು ನಿಂತಿತು. ಯಾರೋ ಕಿಟಕಿಯ ಸರಳು ತಟ್ಟಿದರು. ನೋಡಿದರೆ ಅಪ್ಪ, ಕೊರಳಲ್ಲಿ ಟೇಪು ಹಾಗೆಯೇ ಉಂಟು. ಕಾಗದದಲ್ಲಿ ಸುತ್ತಿ ಹೊಲಿಗೆಯ ನೂಲಿನಿಂದ ಕಟ್ಟಿದ ಒಂದು ಪೊಟ್ಟಣವನ್ನು ಸರಳಿನ ನಡುವೆ ತೂರಿಸಿದ.

“ಮಡಿಕೇರಿಯಲ್ಲಿ ಚಳಿ ಉಂಟು, ಕಿಟಕಿ ಹಾಕಿಕೊ,” ಎಂದ. ಅಷ್ಟೇ. ಬಸ್ಸು ಹೊರಡುವ ಮೊದಲೇ ಬೆನ್ನು ತಿರುಗಿಸಿ ಅಂಗಡಿಯ ಕಡೆ ನಡೆದ.

ಪೊಟ್ಟಣದಲ್ಲಿ ಕಪ್ಪು ಡ್ರಿಲ್ ಎಂಬ ದಪ್ಪ ಬಟ್ಟೆಯ ಚಡ್ಡಿ ಇತ್ತು. ಮೊಣಕಾಲಿನವರೆಗೆ ಉದ್ದ, ಎದುರು ಹಿಂದೆ ನೆರಿಗೆ, ನಿಂತರೆ ಗಿಡ್ಡ ಲಂಗದ ಹಾಗೆಯೇ ಕಾಣಬೇಕು ಎಂದು ಹೊಲಿದದ್ದು. ನನ್ನ ಹಳೆ ಲಂಗ ನೋಡಿಕೊಂಡು ಅಂದಾಜಿನಲ್ಲಿ ಕತ್ತರಿಸಿದನಂತೆ. ಸರಿಯಾಗಿ ಹಿಡಿಯಿತು. ಅದು ಸರಿಯಾಗಿ ಹಿಡಿದದ್ದಕ್ಕೇ ನನಗೆ ಮೈಯೆಲ್ಲ ಬಿಸಿಯಾಯಿತು. ನನ್ನ ಸೊಂಟ, ತೊಡೆ ಇಷ್ಟು ಎಂದು ಅಪ್ಪ ಮನಸ್ಸಿನಲ್ಲಿ ಲೆಕ್ಕ ಹಾಕಬೇಕಾಯಿತಲ್ಲ.

ಮೈಸೂರಿನಲ್ಲಿ ಗುರುತಿನ ಮುಖ ಒಂದೂ ಇರಲಿಲ್ಲ. ಅದು ದೊಡ್ಡ ಧೈರ್ಯ. ಆದರೂ ನಾನು ಸಿಸ್ಟರಿಗೆ ಒಂದು ಮಾತು ಹೇಳಿದ್ದೆ: ಓಟ ಮುಗಿದ ಕೂಡಲೇ ನನಗೆ ಏನಾದರೂ ಹೊದೆಸಬೇಕು. ಅವರು ಹಾಸ್ಟೆಲಿನ ಒಂದು ಬಿಳಿ ಬೆಡ್‌ಶೀಟು ತಂದಿದ್ದರು. ನೂರು ಮೀಟರಿನ ಕೊನೆಯ ಗೆರೆಯಿಂದ ಸ್ವಲ್ಪ ಆಚೆ ಅದನ್ನು ಬಿಡಿಸಿ ಹಿಡಿದು ನಿಂತರು. ನಾನು ಗೆರೆಗೆ ಅಡ್ಡ ಹಿಡಿದ ಟೇಪು ನೋಡಿ ಓಡಿದವಳಲ್ಲ, ಆ ಬೆಡ್‌ಶೀಟು ನೋಡಿ ಓಡಿದವಳು. ಬೇಗ ಮುಟ್ಟಿದಷ್ಟು ಬೇಗ ಅದರೊಳಗೆ ಸೇರಬಹುದು ಎಂಬುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. ನಿಂತೇ ಹೊರಟೆ, ಎಂದಿನಂತೆ ಹಿಂದೆ ಬಿದ್ದೆ, ಆಮೇಲೆ ಯಾರೂ ಪಕ್ಕದಲ್ಲಿ ಕಾಣಲಿಲ್ಲ.

ಮೈಕಿನಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಜನ ಎದ್ದು ಚಪ್ಪಾಳೆ ತಟ್ಟಿದರು. ಬೆಡ್‌ಶೀಟಿನ ಒಳಗಿಂದ ನಾನು, ಎಂತ ತಪ್ಪಾಯಿತು ಸಿಸ್ಟರ್ ಎಂದು ಕೇಳಿದೆ. ಮಾಸ್ಟ್ರು ಬಂದರು. ವಿಶ್ವವಿದ್ಯಾಲಯದ ದಾಖಲೆ ಮುರಿದಿದ್ದಿ ಎಂದರು. ಹೇಳುತ್ತಾ ಹೇಳುತ್ತಾ ಹುಲ್ಲಿನ ಮೇಲೆ ಕೂತುಬಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಗಂಡಸು ಅಳುವುದನ್ನು ಅಷ್ಟು ಹತ್ತಿರದಿಂದ ನೋಡಿ ನನಗೆ ಅದಕ್ಕೂ ನಾಚಿಕೆಯಾಯಿತು.

ಫೋಟೊ ತೆಗೆದದ್ದು ಯಾವಾಗ ಎಂದು ನನಗೆ ಗೊತ್ತೇ ಇಲ್ಲ. ಮಂಗಳೂರಿನ ಪತ್ರಿಕೆಯಲ್ಲಿ ಬಂತು. ಬಾಯಿ ತೆರೆದಿದೆ, ಜಡೆ ಒಂದು ಕಡೆ ಹಾರಿದೆ, ಒಂದು ಕಾಲು ನೆಲದಲ್ಲಿ, ಇನ್ನೊಂದು ಹೊಟ್ಟೆಯವರೆಗೆ ಎತ್ತಿದೆ. ಅಪ್ಪ ಅಷ್ಟು ಜಾಗ್ರತೆಯಿಂದ ಕೊಟ್ಟ ನೆರಿಗೆಗಳೆಲ್ಲ ಗಾಳಿಗೆ ಹಿಂದೆ ಸರಿದು, ತೊಡೆ ಪೂರಾ ಕಾಣುತ್ತಿದೆ. ಒಂದು ಮೂಲೆಯಲ್ಲಿ ಬಿಳಿ ಬೆಡ್‌ಶೀಟಿನ ತುದಿ.

ಆ ಪತ್ರಿಕೆಗಿಂತ ಮೊದಲು ಬಾಯಿಮಾತಿನ ಸುದ್ದಿ ಊರು ತಲುಪಿತ್ತು. ನಮ್ಮ ಜೊತೆ ಬಂದಿದ್ದ ಹುಡುಗನೊಬ್ಬ ಸುಳ್ಯದ ಹೋಟೆಲಿನಲ್ಲಿ, ದರ್ಜಿಯ ಮಗಳು ಮೈಸೂರಿನಲ್ಲಿ ಓಡಿದ್ದಾಳೆ ಎಂದು ಹೇಳಿದನಂತೆ. ಬಸ್ಸಿನವರ ಬಾಯಿಯಿಂದ ಬಾಯಿಗೆ ಹಾರಿ ಕಡಬಕ್ಕೆ ಮುಟ್ಟುವಾಗ ಅದು, ದರ್ಜಿಯ ಮಗಳು ಮೈಸೂರಿಗೆ ಓಡಿದ್ದಾಳೆ ಎಂದಾಗಿತ್ತು. ಜನ ಆಡಿದ್ದು ತುಳುವಿನಲ್ಲಿ. ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಒಬ್ಬ ಹುಡುಗಿಯ ಮಾನ ಹೋಗಲು ಒಂದು ಪ್ರತ್ಯಯ ಸಾಕು. ಮುಂದೆ ನಾನು ಕನ್ನಡ ಟೀಚರಾಗಿ ವಿಭಕ್ತಿಗಳ ಪಾಠ ಮಾಡುವಾಗಲೆಲ್ಲ, ‘ಅಲ್ಲಿ’ ಮತ್ತು ‘ಇಗೆ’ ಪ್ರತ್ಯಯಗಳು ಬಂದಾಗ, ಒಂದು ಕ್ಷಣ ಮಾತು ತಡವರಿಸುತ್ತಿತ್ತು.

ಕಡಬದಲ್ಲಿ ನನ್ನ ಅತ್ತೆಯ ಮನೆ, ಅಪ್ಪನ ಅಕ್ಕ. ಅತ್ತೆಯ ಮಗಳಿಗೆ ಆಗ ಗಂಡು ಗೊತ್ತಾಗುವುದರಲ್ಲಿತ್ತು. ಸುದ್ದಿ ಕೇಳಿ ಅತ್ತೆ ಸಿಕ್ಕಿದ ಬಸ್ಸು ಹತ್ತಿ, ಅಳುತ್ತಲೇ ಸುಳ್ಯಕ್ಕೆ ಬಂದು, ಮನೆಗೂ ಹೋಗದೆ ನೇರ ಅಂಗಡಿಯ ಜಗಲಿಗೆ ಬಂದಳು. ನಾನು ಆಗ ಪುತ್ತೂರಿನ ಹಾಸ್ಟೆಲಿನಲ್ಲಿದ್ದೆ. ನಡೆದದ್ದನ್ನು ಅವ್ವ ಆಮೇಲೆ ಹೇಳಿದ್ದು. ಯಾರ ಜೊತೆ ಓಡಿದ್ದು ಎಂದು ಅತ್ತೆ ಕೇಳಿದಳಂತೆ.

“ಆರೇಳು ಹುಡುಗಿಯರ ಜೊತೆ. ಎಲ್ಲರಿಗಿಂತ ಮುಂದೆ,” ಎಂದನಂತೆ ಅಪ್ಪ. ಮೆಷಿನ್ ನಿಲ್ಲಿಸಿರಲಿಲ್ಲವಂತೆ.

ಅತ್ತೆಗೆ ಅರ್ಥವಾಗದೆ, ಸಾಹುಕಾರರು ಒಳಗಿಂದ ಪತ್ರಿಕೆ ತಂದು ಕೊಟ್ಟರು. ಅತ್ತೆ ಫೋಟೊವನ್ನು ಬಹಳ ಹೊತ್ತು ನೋಡಿದಳು. ಅಳು ನಿಂತಿತು. ಪತ್ರಿಕೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬೇರೆ ಯಾರೂ ನೋಡಬಾರದು ಎಂಬ ಹಾಗೆ.

“ಇದಕ್ಕಿಂತ ಓಡಿಹೋದದ್ದೇ ಆಗಬಹುದಿತ್ತು ತಮ್ಮಾ,” ಎಂದಳು. “ಅದನ್ನಾದರೆ ಯಾರೂ ಫೋಟೊ ತೆಗೆಯುದಿಲ್ಲ.”

ರಜೆಗೆ ಊರಿಗೆ ಹೋದಾಗ ಹೋಟೆಲಿನ ಗೋಡೆಯಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ, ಆ ಫೋಟೊ ಅಂಟಿಸಿದ್ದು ರಸ್ತೆಗೇ ಕಾಣುತ್ತಿತ್ತು. ಹೋಟೆಲಿನವನು ಅಭಿಮಾನದಿಂದಲೇ ಅಂಟಿಸಿದ್ದು. ಚಹಾ ಕುಡಿಯುವವರೆಲ್ಲ ಅದನ್ನು ನೋಡುತ್ತಾ ಕುಡಿಯುತ್ತಿದ್ದರು. ಸಾಹುಕಾರರಿಗೂ ಅಭಿಮಾನ. ಅವರ ಸ್ವಂತ ಹೆಣ್ಣುಮಕ್ಕಳು ಅಂಗಡಿಯ ಮುಂಬಾಗಿಲಿಗೂ ಬರುತ್ತಿರಲಿಲ್ಲ. ಆದರೆ ಬಂದ ಗಿರಾಕಿಗಳಿಗೆಲ್ಲ ಕಪ್ಪು ಡ್ರಿಲ್ಲಿನ ಥಾನು ಬಿಡಿಸಿ, ಹುಡುಗಿ ಗೆದ್ದದ್ದು ಇದೇ ಬಟ್ಟೆಯಲ್ಲಿ ಎಂದು ತೋರಿಸುತ್ತಿದ್ದರು. ಅಪ್ಪನಿಗೆ ಊಟ ಕೊಡಲು ಹೋದ ಒಂದು ಮಧ್ಯಾಹ್ನ ಮೂರು ಮಂದಿ ತರುಣರು ಜಗಲಿಗೆ ಬಂದು, ತಮಗೂ ಮಗಳಿಗೆ ಹೊಲಿದಂಥದ್ದೇ ಚಡ್ಡಿ ಬೇಕು ಎಂದು ನಕ್ಕರು. ನಾನು ಒಳಗೆ ಬಟ್ಟೆಯ ಕಟ್ಟುಗಳ ಹಿಂದೆ ನಿಂತಿದ್ದೆ. ಅಪ್ಪ ಕೊರಳಿನ ಟೇಪು ತೆಗೆದು, ಒಬ್ಬೊಬ್ಬನನ್ನೇ ನಿಲ್ಲಿಸಿ ಅಳತೆ ತೆಗೆದುಕೊಂಡ. ನೆರಿಗೆ ಎಷ್ಟು ಬೇಕು ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ನಗು ತಾನಾಗಿ ಸತ್ತುಹೋಯಿತು. ಬಟ್ಟೆ ತರುತ್ತೇವೆ ಎಂದು ಹೋದವರು ಮತ್ತೆ ಬರಲಿಲ್ಲ. ಅಪ್ಪ ಗೆದ್ದ ಎಂದು ನನಗೆ ಅನಿಸಬೇಕಿತ್ತು. ಅನಿಸಲಿಲ್ಲ. ನನ್ನ ದೆಸೆಯಿಂದ ಅವನು ಅಂಥವರ ಸೊಂಟಕ್ಕೆ ಟೇಪು ಸುತ್ತಬೇಕಾಯಿತು ಎಂಬುದೊಂದೇ ಕಂಡಿತು.

ಮರುವರ್ಷ ಬೆಂಗಳೂರಿನಲ್ಲಿ ರಾಜ್ಯದ ಕೂಟ. ಅಲ್ಲಿ ಗೆದ್ದರೆ ಡೆಲ್ಲಿಗೆ. ನಾನು ಹೋಗುತ್ತೇನೋ ಇಲ್ಲವೋ ಎಂದು ಮಾಸ್ಟ್ರಿಗೆ ಸಂಶಯ. ಅವರೇ ಸುಳ್ಯಕ್ಕೆ ಬಂದು ಅಪ್ಪನ ಎದುರು ಕೂತರು. ಅಪ್ಪ ಕತ್ತರಿ ಕೆಳಗಿಟ್ಟು, ಓಡುವುದು ಅವಳು, ಅವಳನ್ನೇ ಕೇಳಿ ಎಂದುಬಿಟ್ಟ. ಯಾರಾದರೂ ಬೇಡ ಎಂದಿದ್ದರೆ ಎಷ್ಟು ಹಗುರವಾಗುತ್ತಿತ್ತು. ಅವ್ವನ ಮುಖ ನೋಡಿದೆ. ಅವಳೂ ಬೇಡ ಎನ್ನಲಿಲ್ಲ.

“ಫೋಟೊದವರು ಬಂದರೆ ಮುಖ ಆಚೆ ತಿರುಗಿಸು,” ಎಂದಳು.

ಬೆಂಗಳೂರಿನ ಹುಡುಗಿಯರನ್ನು ನೋಡಿ ನಾನು ದಂಗಾದೆ. ಅಡಿಯಲ್ಲಿ ಮುಳ್ಳಿರುವ ಓಟದ ಶೂ, ತೊಡೆಯ ಮೇಲಿನವರೆಗೆ ಚಡ್ಡಿ, ಕತ್ತರಿಸಿದ ಕೂದಲು. ಹುಲ್ಲಿನ ಮೇಲೆ ಅಂಗಾತ ಮಲಗಿ ಕಿತ್ತಳೆ ತಿನ್ನುತ್ತಿದ್ದರು. ಅವರಿಗೆ ಮೈ ಎಂಬುದು ಕೈಚೀಲದ ಹಾಗೆ ಜೊತೆಗಿರುವ ಒಂದು ವಸ್ತು. ನಾನು ನನ್ನದನ್ನು ಎಲ್ಲಿ ಇಡುವುದೆಂದು ತಿಳಿಯದೆ ಸಿಸ್ಟರಿನ ಪಕ್ಕ ಮುದುಡಿ ಕೂತಿದ್ದೆ. ಮಾಸ್ಟ್ರು ಹತ್ತಿರ ಬಂದು ಮೆಲ್ಲಗೆ ಹೇಳಿದರು: ಇಲ್ಲಿ ನಿಂತು ಹೊರಟರೆ ಆಗುವುದಿಲ್ಲ, ಇವರ ಎದುರು ಆ ಹತ್ತು ಹೆಜ್ಜೆ ವಾಪಸು ಸಿಗುವುದಿಲ್ಲ, ಇದೊಂದು ಸಲ ಬಗ್ಗು. ಮೈದಾನದ ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಸಿಸ್ಟರನ್ನು ಕಾವಲು ನಿಲ್ಲಿಸಿ, ನಾನು ಬಗ್ಗುವುದನ್ನು ಅಭ್ಯಾಸ ಮಾಡಿದೆ. ಬಂತು. ಬಹಳ ಚೆನ್ನಾಗಿ ಬಂತು. ಗೋಡೆಯಿಂದ ಚಿಮ್ಮಿ ಹೊರಟಾಗ ಸಿಸ್ಟರ್ ಕೂಡ ಕೈತಟ್ಟಿದರು.

ಓಟಕ್ಕೆ ನಾವು ಆರು ಮಂದಿ. ನನಗೆ ಕೊನೆಯ ಲೇನು, ಪ್ರೇಕ್ಷಕರ ಬದಿಯಲ್ಲಿ. ಹೊರಡುವ ಗೆರೆಯ ಹಿಂದೆ ಹಗ್ಗ ಕಟ್ಟಿದ್ದರು, ಹಗ್ಗದ ಆಚೆ ಜನ. ನಾನು ಮಂಡಿ ಊರಿದೆ, ಕೈ ಇಟ್ಟೆ. ‘ಸೆಟ್’ ಎಂದರು. ಸೊಂಟ ಎತ್ತಿದೆ. ಆ ಕ್ಷಣದಲ್ಲಿ ಬೆನ್ನ ಹಿಂದಿನಿಂದ ಯಾರೋ ತುಳುವಿನಲ್ಲಿ ಹೇಳಿದರು:

“ತೂಲೆ, ನಮ್ಮ ಊರುದ ಪೊಣ್ಣು.”

ನೋಡಿ, ನಮ್ಮೂರಿನ ಹುಡುಗಿ. ಅಷ್ಟೇ ಹೇಳಿದ್ದು. ಬೆಂಗಳೂರಿನ ಹೋಟೆಲುಗಳಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯವರು ಯಾರೋ ಪತ್ರಿಕೆ ನೋಡಿ ಬಂದಿರಬೇಕು. ಆ ದನಿಯಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಅಷ್ಟು ದೂರದಲ್ಲಿ ತನ್ನ ಊರಿನವಳನ್ನು ಕಂಡವನ ಸಂತೋಷ ಮಾತ್ರ ಇತ್ತು. ಆದರೆ ನನ್ನ ಬೆನ್ನಿನ ಮೇಲೆ ಇಡೀ ಸುಳ್ಯ ಪೇಟೆ ಬಂದು ಕೂತ ಹಾಗಾಯಿತು. ನಾನು ಎದ್ದು ನಿಂತು ಎರಡೂ ಕೈಯಿಂದ ಚಡ್ಡಿಯ ನೆರಿಗೆ ಕೆಳಗೆ ಎಳೆದುಕೊಂಡೆ. ಪಿಸ್ತೂಲು ಸಿಡಿದದ್ದೂ ಆಗಲೇ.

ಓಡಿದೆ. ಓಡದೆ ಇರಲು ಬರುತ್ತಿರಲಿಲ್ಲ. ಐದನೆಯವಳಾಗಿ ಬಂದೆ. ಸಿಸ್ಟರಿನ ಬೆಡ್‌ಶೀಟು ಅಲ್ಲಿತ್ತು, ಹೊಕ್ಕೆ. ಮಾಸ್ಟ್ರು ಬಂದು, ಕಾಲು ಜಾರಿತಾ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಅವರು ಅದನ್ನೇ ನಂಬಿದರೋ, ನನಗಾಗಿ ನಂಬಿದ ಹಾಗೆ ಮಾಡಿದರೋ, ಇವತ್ತಿಗೂ ತಿಳಿಯದು. ವಾಪಸು ಬರುವಾಗ ದಾರಿಯುದ್ದಕ್ಕೂ ಹುಡುಗರಿಗೆಲ್ಲ, ಅಲ್ಲಿಯ ಟ್ರ್ಯಾಕಿನಲ್ಲಿ ಮರಳು ಜಾಸ್ತಿ ಎಂದು ವಿವರಿಸುತ್ತಾ ಬಂದರು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ಅಲ್ಲಿಂದ ಮುಂದೆ ನಾನು ಮೈದಾನಕ್ಕೆ ಇಳಿಯಲಿಲ್ಲ. ಪರೀಕ್ಷೆ ಹತ್ತಿರ ಬಂತು ಎಂದೆ, ಹೊಟ್ಟೆನೋವು ಎಂದೆ. ಅವರೂ ಒತ್ತಾಯ ಮಾಡುವುದನ್ನು ಬಿಟ್ಟರು. ನನ್ನ ದಾಖಲೆ ಮಾತ್ರ ಕೆಲವು ವರ್ಷ ಹಾಗೇ ಉಳಿದಿತ್ತು, ಆಮೇಲೆ ಮೈಸೂರಿನ ಒಬ್ಬ ಹುಡುಗಿ ಅದನ್ನು ಮುರಿದಳು ಎಂದು ಕೇಳಿದೆ.

ಬಿ.ಎ. ಆಗಿ, ಟೀಚರ್ ತರಬೇತಿಯೂ ಮುಗಿದ ಮೇಲೆ ಕಡಬದ ಹೈಸ್ಕೂಲಿನಲ್ಲಿ ಕನ್ನಡ ಹೇಳುವ ಕೆಲಸ ಸಿಕ್ಕಿತು. ಅತ್ತೆಯ ಮನೆಯಲ್ಲಿ ಉಳಿದುಕೊಂಡೆ. ಅತ್ತೆಯ ಮಗಳಿಗೆ ಒಳ್ಳೆಯ ಕಡೆಗೇ ಮದುವೆಯಾಗಿತ್ತು, ಹಾಗಾಗಿ ಅವಳ ಸಿಟ್ಟು ಇಳಿದಿತ್ತು. ನನಗೆ ಎರಡು ಮೂರು ಸಂಬಂಧ ಬಂದವು, ತಿಂಡಿ ತಿಂದು ಹೋದವು. ಕೊನೆಗೆ ಬಂದವರು ಕಡಬದ ಹತ್ತಿರದವರೇ, ಅಂಚೆ ಕಚೇರಿಯಲ್ಲಿ ಗುಮಾಸ್ತರು. ಯಾರೋ ಹೇಳಿ ಗೊತ್ತಾಗುವುದಕ್ಕಿಂತ ತಾನೇ ಹೇಳುವುದು ಒಳ್ಳೆಯದೆಂದು ಅಪ್ಪ ಮಾತಿನ ನಡುವೆ, ಹುಡುಗಿ ಕಾಲೇಜಿನಲ್ಲಿ ಓಟದಲ್ಲಿ ದಾಖಲೆ ಮಾಡಿದವಳು ಎಂದ.

“ಈಗಲೂ ಓಡುತ್ತಾಳಾ?” ಎಂದು ಗಂಡಿನ ತಾಯಿ ಕೇಳಿದರು.

“ಈಗ ಇಲ್ಲ,” ಎಂದ ಅಪ್ಪ.

ಬಾಗಿಲ ಹಿಂದೆ ನಿಂತಿದ್ದ ನನಗೆ ಅದು ಯಾರೋ ಸತ್ತವರ ವಿಷಯ ವಿಚಾರಿಸಿದ ಹಾಗೆ ಕೇಳಿಸಿತು. ಮದುವೆಯ ಊಟದ ಪಂಕ್ತಿಯಲ್ಲಿ, ಇವಳೇ ಅಲ್ಲವಾ ಹಿಂದೆ ಮೈಸೂರಿಗೆ ಓಡಿದವಳು ಎಂದು ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದಳಂತೆ. ಕಡಬದ ಸೋದರತ್ತೆ ಬಡಿಸುವುದನ್ನು ನಿಲ್ಲಿಸಿ ಅವಳನ್ನು ಬೈದಳಂತೆ. ಬೈದದ್ದರಿಂದ ಅದುವರೆಗೆ ಕೇಳದವರಿಗೂ ಕೇಳಿತು.

ನನ್ನ ಗಂಡ ಆ ವಿಷಯವನ್ನು ತಾವಾಗಿ ಎತ್ತಿದವರಲ್ಲ. ಮದುವೆಯಾದ ಮರುವರ್ಷ ಒಂದು ಭಾನುವಾರ ನನ್ನ ಸೋದರತ್ತೆಯ ಮನೆಗೆ ಹೋಗಿ ಸಂಜೆ ನಡೆದುಕೊಂಡು ಬರುತ್ತಿದ್ದೆವು. ಶಾಲೆಯ ಮೈದಾನ ದಾಟಿ ಬಂದರೆ ಹತ್ತಿರ. ಮೈದಾನದಲ್ಲಿ ಯಾರೂ ಇರಲಿಲ್ಲ. ಇವರು ನಿಂತರು. ಆ ತುದಿಯ ಗೋಳಿಮರದವರೆಗೆ ಓಡುವ, ಯಾರು ಮೊದಲು ನೋಡುವ ಎಂದರು. ಸೀರೆ ಉಟ್ಟಿದ್ದೇನೆ ಎಂದೆ. ನಾನು ಪಂಚೆ ಉಟ್ಟಿದ್ದೇನೆ, ಸರಿಯಾಯಿತಲ್ಲ ಎಂದು ಪಂಚೆ ಎತ್ತಿ ಕಟ್ಟಿಕೊಂಡು ಹೇಳದೆ ಕೇಳದೆ ಹೊರಟೇಬಿಟ್ಟರು. ಓಡುವ ರೀತಿ ನೋಡಬೇಕಿತ್ತು, ಕೈ ಒಂದು ಕಡೆ, ಕಾಲು ಒಂದು ಕಡೆ. ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಓಡಿದೆ. ಅರ್ಧ ದಾರಿಯಲ್ಲಿ ಅವರನ್ನು ದಾಟಿದೆ. ಮರ ಮುಟ್ಟಿದರೂ ನಿಲ್ಲಲು ಮನಸ್ಸು ಬಾರದೆ ಇನ್ನೂ ಸ್ವಲ್ಪ ದೂರ ಹೋದೆ.

ಅಲ್ಲಿ ರಸ್ತೆಯ ತಿರುವಿನಲ್ಲಿ, ಹುಲ್ಲಿನ ಹೊರೆ ಹೊತ್ತುಕೊಂಡು ಬರುತ್ತಿದ್ದ ಒಬ್ಬ ಹಿರಿಯರು ಗಾಬರಿಯಿಂದ ನಿಂತರು. ನನ್ನನ್ನು ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದುಕೊಂಡಿರಬೇಕು.

“ಎಂತ ಆಯ್ತು ಟೀಚರ್? ಯಾಕೆ ಓಡುದು?”

“ಬಸ್ಸಿಗೆ,” ಎಂದೆ.

ಅವರು ತಲೆಯಾಡಿಸಿ ಹೋದರು. ಹಿಂದಿನಿಂದ ಏದುಸಿರು ಬಿಡುತ್ತಾ ಬಂದ ನನ್ನ ಗಂಡ ಅದನ್ನು ಕೇಳಿಸಿಕೊಂಡಿದ್ದರು.

“ಈಗ ಯಾವ ಬಸ್ಸು ಉಂಟು ಮಾರಾಯ್ತಿ?” ಎಂದರು.

ಇಬ್ಬರೂ ನಕ್ಕೆವು. ನಗುತ್ತಿದ್ದ ಹಾಗೆ ನನಗೆ ಅಳು ಬಂತು. ಓಡಿದ್ದಕ್ಕೆ ನಾಚಿಕೆ ಇಷ್ಟು ವರ್ಷ ಇತ್ತು, ಅದು ನನಗೆ ಅಭ್ಯಾಸವಾಗಿತ್ತು. ಆದರೆ ಗಂಡನ ಜೊತೆ ಆಟವಾಡಿದೆ ಎನ್ನಲು ಬಾಯಿ ಬಾರದೆ, ಯಾವ ಬಸ್ಸೂ ಇಲ್ಲದ ಹೊತ್ತಿನಲ್ಲಿ ಬಸ್ಸು ಎಂದೆನಲ್ಲ, ಆ ನಾಚಿಕೆ ಬೇರೆ ಥರದ್ದು. ಗೋಳಿಮರದ ಬುಡದಲ್ಲಿ ಕೂತು ಮೊದಲ ಸಲ ಎಲ್ಲವನ್ನೂ ಅವರಿಗೆ ಹೇಳಿದೆ. ಅಪ್ಪನ ಪೊಟ್ಟಣ, ಫೋಟೊ, ತುಳು ಮಾತು, ನಾನು ಎದ್ದು ನಿಂತದ್ದು. ಕಾಲು ಜಾರಲಿಲ್ಲ ಎಂಬುದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಅವರು ಸಮಾಧಾನ ಹೇಳುವವರಲ್ಲ. ಅಂಚೆಯವರ ಹಾಗೆ ವಿಚಾರಣೆ ಮಾಡಿದರು.

“ಎದ್ದು ನಿಂತು ಮತ್ತೆ ಎಷ್ಟನೆಯವಳಾಗಿ ಬಂದದ್ದು?”

“ಐದು.”

“ಒಟ್ಟು ಎಷ್ಟು ಜನ ಓಡಿದ್ದು?”

“ಆರು.”

“ಹಾಗಾದರೆ ನಿನ್ನ ಹಿಂದೆ ಒಬ್ಬಳು ಇದ್ದಳಲ್ಲ. ಅವಳಿಗೆ ಎಂತ ಆಗಿತ್ತು?”

ಅಷ್ಟು ವರ್ಷದಲ್ಲಿ ಒಮ್ಮೆಯೂ ನಾನು ಅವಳನ್ನು ನೆನೆದಿರಲಿಲ್ಲ. ಕತ್ತಲಾಗುವವರೆಗೆ ಅಲ್ಲೇ ಕೂತು ನೆನಪು ಮಾಡಿಕೊಳ್ಳಲು ನೋಡಿದೆ. ಬೆಡ್‌ಶೀಟಿನ ಸಂದಿಯಿಂದ ಕಂಡದ್ದು ಅಸ್ಪಷ್ಟವಾಗಿ ಬಂತು: ಕಪ್ಪಗಿನ, ಸಣ್ಣ ಹುಡುಗಿ, ಎರಡು ಜಡೆಯನ್ನು ಮೇಲೆ ಮಡಿಸಿ ಕಟ್ಟಿದವಳು, ಕೊನೆಯ ಗೆರೆಯ ಹತ್ತಿರ ನೆಲದಲ್ಲಿ ಕೂತು ತನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ಹತ್ತಿರ ಯಾರೂ ಇರಲಿಲ್ಲ. ಬಿಜಾಪುರದ ಕಡೆಯವಳೋ, ಕೋಲಾರದವಳೋ. ನಾನು ಅವಳ ಪಕ್ಕದಿಂದಲೇ, ಮುಖ ಮುಚ್ಚಿಕೊಂಡು, ನಡೆದು ಹೋಗಿದ್ದೆ.